ನಾಲ್ಕು ತಾಲ್ಲೂಕು, ನಾಲ್ಕು ಹೆಸರು, ಒಂದು ತಿಪ್ಪೆ

ನಮ್ಮ ಸೋದರತ್ತೆಯ ಹೆಸರು ಹೇಳುವುದು ನನ್ನಿಂದ ಆಗದ ಕೆಲಸ. ಮರೆತಿದ್ದೇನೆ ಎಂದಲ್ಲ, ಯಾವುದನ್ನು ಹೇಳಲಿ? ಮಹಾರಾಜರ ಸರ್ಕಾರದ ಪ್ಲೇಗು ರಿಜಿಸ್ಟರಿನಲ್ಲಿ ಆಕೆಗೆ ನಾಲ್ಕು ಹೆಸರಿವೆ. ಹಿರಿಯೂರು ತಾಲ್ಲೂಕಿನಲ್ಲಿ ಈರಮ್ಮ, ಚಿತ್ರದುರ್ಗದಲ್ಲಿ ಉಚ್ಚಂಗಮ್ಮ, ಹೊಳಲ್ಕೆರೆಯಲ್ಲಿ ಗಂಗಮ್ಮ, ಹೊಸದುರ್ಗದಲ್ಲಿ ಹಾಲಮ್ಮ. ನಾಲ್ಕು ಕಡೆಯೂ ಸೂಜಿ ಚುಚ್ಚಿಸಿಕೊಂಡ ತೋಳು ಮಾತ್ರ ಒಂದೇ. ಒಂದು ಸೂಜಿಗೆ ಹೆದರಿ ಗಂಡಸರೆಲ್ಲ ಅಟ್ಟ ಹತ್ತಿ ಕುಳಿತಿದ್ದ ಕಾಲದಲ್ಲಿ, ಒಬ್ಬ ಹೆಂಗಸು ಸುಳ್ಳು ಹೆಸರು ಹೇಳಿಕೊಂಡು ಊರೂರು ತಿರುಗಿ ನಾಲ್ಕು ಸಲ ಚುಚ್ಚಿಸಿಕೊಂಡಳು ಎಂದರೆ ಅದನ್ನು ಏನೆಂದು ಕರೆಯಬೇಕು? ನಮ್ಮ ಮಾಡದಕೆರೆಯವರು ಹುಚ್ಚು ಎಂದು ಕರೆದರು. ನಾನೂ ಕರೆದಿದ್ದೇನೆ. ಆ ತಪ್ಪಿಗೆ ದಂಡ ಎಂದು ಇದನ್ನು ಬರೆಯುತ್ತಿದ್ದೇನೆ.

ಅತ್ತೆ ನನ್ನಪ್ಪನಿಗೆ ಅಕ್ಕ. ವಯಸ್ಸಿನಲ್ಲಿ ಎರಡು ವರ್ಷ ದೊಡ್ಡವಳು, ಬಾಯಿಯಲ್ಲಿ ಇಪ್ಪತ್ತು ವರ್ಷ. ಆಕೆಯನ್ನು ಕೊಟ್ಟಿದ್ದು ನಮ್ಮೂರಿನಲ್ಲೇ, ನಾಲ್ಕು ಮನೆ ಆಚೆಗೆ. ಹೀಗಾಗಿ ಆಕೆಗೆ ತವರು ಬಿಟ್ಟಂತೆಯೂ ಆಗಲಿಲ್ಲ, ಅಪ್ಪನಿಗೆ ಬಿಡುಗಡೆಯೂ ಸಿಗಲಿಲ್ಲ. ಬೆಳಗಾದರೆ ಬಂದು ತೆಂಗಿನ ಬುಡಕ್ಕೆ ಪಾತಿ ಹೀಗೆ ಮಾಡು, ಎತ್ತಿಗೆ ಹುಲ್ಲು ಹಾಗೆ ಹಾಕು ಎನ್ನುವಳು. ಅಪ್ಪ "ಹೂಂ ಕಣಕ್ಕ" ಎನ್ನುವನು, ಆಮೇಲೆ ತಪ್ಪದೆ ಅದರ ತದ್ವಿರುದ್ಧ ಮಾಡುವನು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿ ಅಪ್ಪನದು. ಅತ್ತೆಯಾದರೋ ಮೊಲವನ್ನು ಕಿತ್ತುಕೊಂಡು ಕಾಲು ಎಣಿಸಿ ತೋರಿಸುವವಳು.

ಅತ್ತೆಯ ಗಂಡನ ಹೆಸರು ತಿಪ್ಪಯ್ಯ. ಬೇರೆ ಸೀಮೆಯವರು ನಗಬೇಡಿ. ನಮ್ಮ ಕಡೆ ಹುಟ್ಟಿದ ಮಕ್ಕಳು ಉಳಿಯದೇ ಹೋದರೆ, ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಒಂದು ಸಲ ಉರುಳಿಸಿ ಎತ್ತಿಕೊಂಡು ತಿಪ್ಪಯ್ಯ ಎಂದೋ ತಿಪ್ಪಮ್ಮ ಎಂದೋ ಹೆಸರಿಡುವುದು ವಾಡಿಕೆ. ಸಾವು ಹುಡುಕಿಕೊಂಡು ಬಂದರೆ ಇದು ಯಾರೋ ಬಿಸಾಕಿದ ಕಸ ಎಂದು ಬಿಟ್ಟು ಹೋಗಲಿ ಎಂಬ ಉಪಾಯ. ಮಾವನಿಗಿಂತ ಮುಂಚೆ ನಾಲ್ಕು ಕೂಸು ಹೋಗಿದ್ದವಂತೆ. ಮಾವ ಉಳಿದ. ಅದು ಆ ಕಾಲದ ಸೂಜಿ ಎಂದು ಇಟ್ಟುಕೊಳ್ಳಿ.

ಇನ್ನು ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದು, ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಲ್ಲರೂ ಪಾಲಿಸುತ್ತಾರೆ. ಆದರೆ ಅತ್ತೆ ಪಾಲಿಸಿದಂತೆ ಯಾರೂ ಪಾಲಿಸಿರಲಿಕ್ಕಿಲ್ಲ. ಆಕೆ ತಿಪ್ಪೆಯನ್ನು ಕೂಡ ತಿಪ್ಪೆ ಎನ್ನುತ್ತಿರಲಿಲ್ಲ. ನಮ್ಮ ಮನೆಯ ಸೊಸೆಯರಿಗೆ, "ಕಸ ಗುಡಿಸಿ ಅವ್ರ ಹೆಸರಿಂದ್ರ ಮ್ಯಾಲೆ ಸುರಿದು ಬರ್ರಿ" ಎನ್ನುವಳು. ನಾನು ಕೊಬ್ಬರಿ ವ್ಯಾಪಾರದವನು; ಗಾಡಿ ಕಟ್ಟಿಕೊಂಡು ತಿಪಟೂರಿಗೆ ಹೊರಟರೆ, "ಏನ್ ಅಳಿಯ, ಅವ್ರೂರಿಗೆ ಹೊಂಟ್ಯಾ?" ಎನ್ನುವಳು. ಮಾವನಿಗೂ ತಿಪಟೂರಿಗೂ ಏನೇನೂ ಸಂಬಂಧವಿಲ್ಲ. ಮೊದಲ ಎರಡು ಅಕ್ಷರ ಮಾಡಿದ ತಪ್ಪಿಗೆ ಒಂದು ಇಡೀ ಊರು ಮಾವನ ಪಾಲಿಗೆ ಬಂದಿತ್ತು!

ಪ್ಲೇಗು ನಮ್ಮ ಸೀಮೆಗೆ ಕಾಲಿಟ್ಟ ಮೊದಲ ವರ್ಷ ಸರ್ಕಾರದವರು ಸೂಜಿ ತಂದರು. ತಳವಾರ ತಮಟೆ ಬಡಿದು ಸಾರಿದ ಕೂಡಲೇ ಊರು ಖಾಲಿ. ಮಾವ ಸಾಧು ಮನುಷ್ಯ, ಓಡಲು ಬಾರದವನು. ಅತ್ತೆ ಆತನನ್ನು ವಾಡೆಯಲ್ಲಿ ಇಳಿಸಿದಳು. ವಾಡೆ ಎಂದರೆ ಕಾಳು ತುಂಬುವ ಆಳೆತ್ತರದ ಮಣ್ಣಿನ ಗುಡಾಣ. ಮೇಲೆ ಮುಚ್ಚಳವೂ ಬಿತ್ತು. ಸರ್ಕಾರದವನು ಬಂದು ಯಜಮಾನರೆಲ್ಲಿ ಎಂದರೆ ಅತ್ತೆ, ಸಿರಾಕ್ಕೆ ಹೋಗ್ಯಾರೆ ಎಂದಳು. ಅಷ್ಟರಲ್ಲಿ ವಾಡೆ ಸೀನಿತು.

"ಅದರಾಗೇನೈತಮ್ಮ?"

"ಹುಳ್ಳಿ ಸ್ವಾಮಿ."

"ಹುಳ್ಳಿ ಸೀನ್ತೈತಾ?"

"ಹಳೇ ಹುಳ್ಳಿ ಸ್ವಾಮಿ, ಧೂಳು ಜಾಸ್ತಿ."

ಆತ ನಕ್ಕು ಹೊರಟುಹೋದ. ಊರೆಲ್ಲ ನಕ್ಕಿತು. ಹದಿನೈದು ದಿನ ಮಾವನನ್ನು ಕಂಡಲ್ಲಿ "ಏನಪ್ಪ ಹಳೇ ಹುಳ್ಳಿ" ಎಂದು ಜನ ಕರೆದರು, ಮಾವನೂ ನಗುತ್ತಿದ್ದ. ಇಪ್ಪತ್ತನೆಯ ದಿನ ಅವರ ಮನೆಯಲ್ಲಿ ಇಲಿ ಸತ್ತು ಬಿತ್ತು. ಇಲಿ ಬಿದ್ದ ನಾಲ್ಕನೆಯ ದಿನ ಮಾವ ಇರಲಿಲ್ಲ.

ಅತ್ತೆ ನಮ್ಮ ಮನೆಗೆ ಬಂದಳು. ಒಂದು ತಿಂಗಳು ಕಳೆಯಿತು. ಒಂದು ದಿನ ಬೆಳಿಗ್ಗೆ ಅಪ್ಪನ ಮುಂದೆ ಬಂದು ಕುಳಿತು ತನ್ನ ಎಲೆಅಡಿಕೆ ಚೀಲವನ್ನು ಆತನ ತೊಡೆಯ ಮೇಲಿಟ್ಟಳು. ಅತ್ತೆ ಊಟ ಬಿಟ್ಟಾಳು, ಎಲೆಅಡಿಕೆ ಬಿಡುವವಳಲ್ಲ.

"ಮುಂದಿನ ಸಲ ಸೂಜಿ ಬಂದಾಗ ನೀನು ಹಾಕಿಸ್ಕಬೇಕು. ನೀನು ಹಾಕಿಸ್ಕಂಡ್ರೆ ಮನೆ ಮಂದಿ ಹನ್ನೊಂದು ಜನಾನೂ ಹಾಕಿಸ್ಕಂತಾರೆ. ಅಲ್ಲೀಗಂಟ ನಾನು ಎಲೆ ಬಾಯಿಗಿಡಾದಿಲ್ಲ."

"ತೆಂಗಿನ ಮರಕ್ಕೆ ತೂತು ಬಿದ್ರೆ ಏನಾಗ್ತೈತೆ ಅಕ್ಕ?" ಎಂದ ಅಪ್ಪ. "ಹುಳ ಹೋಗ್ತೈತೆ. ಚೆನ್ನಾಗಿರೋ ಮೈಗೆ ನಾವೇ ಯಾಕೆ ತೂತು ಮಾಡ್ಕಬೇಕು? ನಾನೊಲ್ಲೆ."

ಇದು ಅಪ್ಪನ ಒಬ್ಬನ ವಾದವಲ್ಲ, ಹೊಸದುರ್ಗದ ತೆಂಗಿನ ತೋಟದವರೆಲ್ಲರ ವಾದ. ಮರ ಬಲ್ಲವರಿಗೆ ಮರದ ನ್ಯಾಯ. ಅತ್ತೆ ವಾದಕ್ಕೆ ನಿಲ್ಲದೆ, ಚೀಲವನ್ನು ಅಲ್ಲೇ ಬಿಟ್ಟು ಎದ್ದಳು. ಎಲೆಅಡಿಕೆ ಇಲ್ಲದ ಅತ್ತೆಯ ಸಿಟ್ಟು ಹೇಗಿತ್ತೆಂದರೆ ನಮ್ಮ ಮನೆಯ ಎಮ್ಮೆ ಕೂಡ ಆಕೆಯ ಕಾಲಸಪ್ಪಳ ಕೇಳಿದರೆ ಎದ್ದು ನಿಲ್ಲುತ್ತಿತ್ತು.

ಮರುವರ್ಷ ಹೊಸ ಡಾಕ್ಟರು ಬಂದರು. ಮೈಸೂರಿನ ಕಡೆಯವರು, ಒಳ್ಳೆಯವರು, ಮಾತು ನಯ. ಪಾಪ, ಒಬ್ಬರಿಗೇ ನಾಲ್ಕು ತಾಲ್ಲೂಕು. ಜೊತೆಗೊಬ್ಬ ಗುಮಾಸ್ತ, ಆತನ ಕಂಕುಳಲ್ಲಿ ರಿಜಿಸ್ಟರು. ಆಗ ನನಗೆ ಮೂವತ್ತರ ಹತ್ತಿರ, ಎರಡು ಮಕ್ಕಳ ತಂದೆ. ತೆಂಗಿನಕಾಯಿ ಕೊಬ್ಬರಿ ತುಂಬಿಕೊಂಡು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಗೆ ಹೊರಟಿದ್ದೆ. ಅತ್ತೆ ಹೇಳದೆ ಕೇಳದೆ ಬಂದು ಗಾಡಿ ಹತ್ತಿದಳು. "ಯಾಕತ್ತೆ?" ಎಂದೆ. "ಗಾಡಿ ಖಾಲಿ ಐತೆ, ಅದಕ್ಕೆ" ಎಂದಳು. ಗಾಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ.

ಯಲ್ಲದಕೆರೆಯ ಹಟ್ಟಿಯಲ್ಲಿ ಡಾಕ್ಟರು ಬೇವಿನ ಮರದ ಕೆಳಗೆ ಪೆಟ್ಟಿಗೆ ತೆರೆದು ಕುಳಿತಿದ್ದರು. ಸುತ್ತ ಕುರಿ ಸಾಕುವ ಜನ, ಕೋಲು ಊರಿಕೊಂಡು ನಿಂತು ನೋಡುತ್ತಿದ್ದರು. ಒಬ್ಬರೂ ಹತ್ತಿರ ಹೋಗುತ್ತಿಲ್ಲ. ಹಟ್ಟಿಯ ಹಿರಿಯನೊಬ್ಬ ಕಾರಣ ಹೇಳಿದ.

"ನೋಡು ಸ್ವಾಮಿ, ಕುರಿಗೆ ಯಾರು ಗುರುತು ಹಾಕ್ತಾರೋ ಕುರಿ ಅವರ್ದು. ಇವತ್ತು ನೀವು ನಮ್ ತೋಳಿಗೆ ಗುರುತು ಹಾಕ್ತೀರಿ. ನಾಳೆ ಸರ್ಕಾರ ಬಂದು ಗುರುತು ನೋಡಿ ಹೊಡ್ಕಂಡು ಹೋದ್ರೆ ನಾವು ಯಾರ್ನ ಕೇಳಾಣ?"

ಡಾಕ್ಟರು ಇಂಗ್ಲಿಷು ಓದಿದವರು. ಕುರಿಯ ಮಾತಿಗೆ ಪೆಟ್ಟಿಗೆಯಿಂದ ಸರ್ಕಾರದ ಕಾಗದ ತೆಗೆದು ಓದತೊಡಗಿದರು. ಅತ್ತೆ ಗಾಡಿಯಿಂದ ಇಳಿದು, ಸೆರಗು ಸರಿಸಿ, ಎಡತೋಳನ್ನು ಹಿರಿಯನ ಮೂಗಿನ ಮುಂದೆ ಹಿಡಿದಳು. ಅಲ್ಲಿ ಒಂದು ಗೇಣುದ್ದದ ಚೇಳಿನ ಹಚ್ಚೆ.

"ಇದನ್ನ ಹಚ್ಚೆಯೋಳು ಹಾಕಿ ನಲವತ್ತು ವರ್ಷ ಆತು. ಹೊಡ್ಕಂಡು ಹೋದ್ಲೇನು ನನ್ನ? ಬಾ ಅಂತ ಕೂಗಿದ್ರೂ ತಿರುಗಿ ನೋಡ್ಲಿಲ್ಲ. ಹಾಕ್ರಿ ಸ್ವಾಮಿ ನನಗೆ."

ಗುಮಾಸ್ತ ರಿಜಿಸ್ಟರು ತೆರೆದ. ಹೆಸರು? ಈರಮ್ಮ ಎಂದಳು! ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಕಾಲನ್ನು ತುಳಿದಳು. ಊರು? ಇದೇ ಊರು. ಗಂಡನ ಹೆಸರು? ಅತ್ತೆ ಬಲಗೈ ಎತ್ತಿ ಕುರಿರೊಪ್ಪದ ಪಕ್ಕದ ತಿಪ್ಪೆಯನ್ನು ತೋರಿಸಿದಳು.

"ಗಂಡ ಎಲ್ಲಿದ್ದಾರೆ ಅಂತ ಕೇಳಲಿಲ್ಲಮ್ಮ, ಹೆಸರು ಕೇಳಿದೆ" ಎಂದ ಗುಮಾಸ್ತ. ಅತ್ತೆ ಮತ್ತೆ ತಿಪ್ಪೆ ತೋರಿಸಿದಳು, ಈ ಸಲ ಸ್ವಲ್ಪ ಜೋರಾಗಿ.

ಡಾಕ್ಟರಿಗೆ ಗಾಬರಿಯಾಯಿತು. "ಏನಮ್ಮಾ ಇದು, ಯಜಮಾನರನ್ನ ತಿಪ್ಪೆಗೆ ಹಾಕಿಬಿಟ್ಟಿರಾ?" ಎಂದರು.

ಹಟ್ಟಿಯವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. "ತಿಪ್ಪಯ್ಯ ಅಂತ ಬರ್ಕ ಸ್ವಾಮಿ. ನಮ್ ಕಡೆ ಮನೆಗೊಬ್ಬ ಇರ್ತಾನೆ" ಎಂದು ಹಿರಿಯನೇ ಬಿಡಿಸಿ ಹೇಳಿದ. ನಗು ಬಂದ ಮೇಲೆ ಹೆದರಿಕೆ ಅರ್ಧ ಹೋಗುತ್ತದೆ. ಉಳಿದರ್ಧಕ್ಕೆ ಅವರು ತಮ್ಮದೇ ಪರೀಕ್ಷೆ ಇಟ್ಟರು. ಅತ್ತೆಗೆ ಅವತ್ತು ಸಂಜೆಯೇ ಜ್ವರ ಬಂತು, ತೋಳು ಊದಿತು. ಹಿರಿಯ ಎರಡು ದಿನವೂ ಬಂದು, ಕೊಂಡ ಕುರಿಯನ್ನು ನೋಡುವಂತೆ ಆಕೆಯ ಕಣ್ಣು ನೋಡಿದ, ನಾಲಿಗೆ ನೋಡಿದ. ಮೂರನೆಯ ದಿನ ಬೆಳಿಗ್ಗೆ ಅತ್ತೆ ಎದ್ದು ಎರಡು ಮುದ್ದೆ ಉಂಡು ಮೂರನೆಯದಕ್ಕೆ ಕೈ ಹಾಕಿದಾಗ, ಆತ ಹೊರಗೆ ಹೋಗಿ ತೀರ್ಪು ಕೊಟ್ಟ: "ಮೇವು ತಿಂತೈತೆ. ಬದುಕ್ತೈತೆ. ಹಾಕಿಸ್ಕಳ್ರಿ."

ಊರಿಗೆ ಬಂದು ಅತ್ತೆ ಅಪ್ಪನಿಗೆ ಊದಿದ ತೋಳು ತೋರಿಸಿದಳು. ಅಪ್ಪ ನೋಡಿ, "ನೋಡ್ದಾ, ತೂತು ಮಾಡಿದ್ದಕ್ಕೆ ಊತ" ಎಂದು ಎಲೆಅಡಿಕೆ ತಟ್ಟೆಯನ್ನು ಆಕೆಯ ಕಡೆ ತಳ್ಳಿದ. ಅತ್ತೆ ಅದನ್ನು ವಾಪಸ್ಸು ತಳ್ಳಿದಳು.

ಮುಂದಿನ ಗಾಡಿ ಚಿತ್ರದುರ್ಗಕ್ಕೆ. ದುರ್ಗದ ಸಮಾಚಾರವೇ ಬೇರೆ. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎನ್ನುತ್ತಾರೆ. ಇಲ್ಲಿ ಒಂದೊಂದು ತಾಲ್ಲೂಕಿಗೂ ಒಂದೊಂದು ದಾರಿ. ಯಲ್ಲದಕೆರೆಯವರು ಸೂಜಿ ಬೇಡ ಎಂದರೆ, ದುರ್ಗದವರು ಬೇಕು ಎಂದರು. ಎಲ್ಲರೂ ಬೇಕು ಎಂದರು. ಕಚೇರಿಯವರು, ಓದಿದವರು, ಪೇಟೆಯವರು, ಎಲ್ಲರೂ ಸೂಜಿಯ ಗುಣಗಾನ ಮಾಡುವವರೇ. ತೋಳು ಕೊಡುವವರು ಮಾತ್ರ ಇಲ್ಲ. ಸೂಜಿ ಹಾಕಿಸಿಕೊಂಡವರಿಗೆ ಒಂದು ಚೀಟಿ ಕೊಡುತ್ತಿದ್ದರು, ಅದಿದ್ದರೆ ಊರ ಗಡಿಯ ನಾಕಾದಲ್ಲಿ ಕಾವಲಿನವರು ತಡೆಯುತ್ತಿರಲಿಲ್ಲ. ದುರ್ಗದವರಿಗೆ ಬೇಕಾಗಿದ್ದದ್ದು ಚೀಟಿ. "ಚೀಟಿ ಈಗ ಕೊಡಿ ಸ್ವಾಮಿ, ಸೂಜಿ ಬಿಡುವಾದಾಗ ನೋಡಾಣ" ಎಂದು ಡಾಕ್ಟರ ಮುಂದೆ ಸಾಲು ನಿಂತಿದ್ದರು.

ಆ ದಿನ ಕೋಟು ತೊಟ್ಟ ಮಹನೀಯರೊಬ್ಬರು ಮೆಟ್ಟಿಲ ಮೇಲೆ ನಿಂತು ಸೂಜಿಯ ಮಹತ್ವದ ಮೇಲೆ ಭಾಷಣ ಮಾಡುತ್ತಿದ್ದರು. ಅರ್ಧ ತಾಸು ಆದ ಮೇಲೆ ಅತ್ತೆ ಮುಂದಿನ ಸಾಲಿನಿಂದ ಕೇಳಿದಳು.

"ಸ್ವಾಮೇರು ಹಾಕಿಸ್ಕಂಡೀರಾ?"

"ಹಾಕಿಸಿಕೊಳ್ಳುವುದೇ ಅಮ್ಮ. ಮೊದಲು ಬಡಬಗ್ಗರಿಗೆ ಆಗಲಿ ಅಂತ."

"ನಾವು ಬಡವ್ರು, ನಮಗಾತು ಅಂದ್ಕಳ್ರಿ. ಕೋಟು ಬಿಚ್ರಿ."

ಮಹನೀಯರು ಕೆಂಪಗಾದರು. ಜನ ಸುತ್ತುಗಟ್ಟಿದರು. ಅತ್ತೆ ತಾನೇ ಮೊದಲು ಹೋಗಿ ಚೇಳಿನ ತೋಳು ಕೊಟ್ಟಳು. ಬಲಗೈ ಯಾಕೆ ಕೊಡುವುದಿಲ್ಲ ಎಂದು ನಾನು ಕೇಳಿದ್ದಕ್ಕೆ, "ಅದು ಮುದ್ದೆ ಕಟ್ಟಕ್ಕೆ ಬೇಕು" ಎಂದಿದ್ದಳು. ಡಾಕ್ಟರು ಗುರುತು ಹಿಡಿಯಬೇಕಿತ್ತಲ್ಲ ಎಂದು ನೀವು ಕೇಳಬಹುದು. ಆ ಮನುಷ್ಯ ದಿನಕ್ಕೆ ನೂರು ತೋಳು ನೋಡುವವರು, ಮುಖ ನೋಡಲು ಅವರಿಗೆ ಪುರುಸೊತ್ತೆಲ್ಲಿ? ಗುಮಾಸ್ತನೂ ತಲೆ ಎತ್ತುವವನಲ್ಲ; ಮನೆಗೊಬ್ಬ ತಿಪ್ಪಯ್ಯನಿರುವ ಸೀಮೆಯಲ್ಲಿ ತಿಪ್ಪೆ ತೋರಿಸುವ ಹೆಂಗಸರೂ ಮನೆಗೊಬ್ಬರು. ಹೆಸರು ಉಚ್ಚಂಗಮ್ಮ ಎಂದಳು. ಗಂಡನ ಹೆಸರು ಬಂದಾಗ ತೊಡಕಾಯಿತು. ಪ್ಲೇಗಿನ ಹೆದರಿಕೆಗೆ ದುರ್ಗದಲ್ಲಿ ಇದ್ದಬದ್ದ ತಿಪ್ಪೆಗಳನ್ನೆಲ್ಲ ಎತ್ತಿ ಊರಾಚೆ ಹಾಕಿಸಿದ್ದರು. ಅತ್ತೆ ಸುತ್ತ ನೋಡಿದಳು, ಕೈ ಎತ್ತಿದಳು, ಇಳಿಸಿದಳು. ಕೊನೆಗೆ ಗುಮಾಸ್ತನನ್ನು ಕರೆದುಕೊಂಡು ಮೂರು ಬೀದಿ ದಾಟಿ ಹೋಗಿ, ಯಾರ ಕಣ್ಣಿಗೂ ಬೀಳದೆ ಉಳಿದಿದ್ದ ಒಂದು ಪುಟ್ಟ ತಿಪ್ಪೆಯನ್ನು ತೋರಿಸಿ ಕರೆದುಕೊಂಡು ಬಂದಳು. ನಾನೇ ಹೇಳಿಬಿಡುತ್ತಿದ್ದೆ, ಆದರೆ ಯಲ್ಲದಕೆರೆಯಲ್ಲಿ ಆಕೆ ತುಳಿದ ಕಾಲು ಇನ್ನೂ ನೋಯುತ್ತಿತ್ತು.

ಅಷ್ಟಾದ ಮೇಲೆ ಮಹನೀಯರಿಗೆ ದಾರಿ ಉಳಿಯಲಿಲ್ಲ. ಕೋಟು ಬಿಚ್ಚಿದರು. ನೋಡಿದರೆ ಒಳಗೆ ಅಂಗಿಗೆ ತೋಳೇ ಇಲ್ಲ, ಕಾಲರು ಮತ್ತು ಮುಂದಿನ ಪಟ್ಟಿ ಅಷ್ಟೇ! ಪಾಪ, ಅವರು ಹೆದರಿದ್ದು ಸೂಜಿಗಲ್ಲ. ಜನ ನಗಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ತಿರುಗಿ, "ಒಳ್ಳೇದಾತು, ಡಾಕ್ಟ್ರಿಗೆ ತೋಳು ಮಡಿಸೋ ಕೆಲಸ ತಪ್ತು. ಮುಂದಿನೋರು ಬರ್ರಿ" ಎಂದಳು. ಯಾರೂ ನಗಲಿಲ್ಲ. ಆಕೆಯ ಬಾಯಿ ಬರೀ ಜೋರು ಎಂದುಕೊಂಡಿದ್ದವನಿಗೆ, ಅದಕ್ಕೆ ಮರ್ಯಾದೆ ಮುಚ್ಚುವುದೂ ಬರುತ್ತದೆ ಎಂದು ಅವತ್ತು ಗೊತ್ತಾಯಿತು.

ಎರಡು ದಿನ ಜ್ವರ. ಮತ್ತೆ ಊರು. ಮತ್ತೆ ಅಪ್ಪ. "ಇನ್ನೂ ಬದುಕಿದೀಯಾ ಅಕ್ಕ?" "ನಿನ್ನ ತೋಳು ನೋಡದೆ ಸಾಯಲ್ಲ ಕಣೋ." ತಟ್ಟೆ ಆ ಕಡೆ ಹೋಯಿತು, ಈ ಕಡೆ ಬಂತು.

ಹೊಳಲ್ಕೆರೆಯವರದು ಮೂರನೆಯ ಬಗೆ. ಅಲ್ಲಿ ಯಾರೂ ಬೇಡ ಎನ್ನುವುದಿಲ್ಲ, ಬೇಕು ಎನ್ನುವುದೂ ಇಲ್ಲ. "ಹಾಕಿಸ್ಕಳಾಣ ತಗಳ್ರಿ, ಅದಕ್ಕೇನಂತೆ. ಬರ್ರಿ, ಕುಂತ್ಕಳ್ರಿ, ಮಜ್ಜಿಗೆ ಕುಡೀರಿ" ಎನ್ನುವರು. ಡಾಕ್ಟರು ಐದು ದಿನ ಮಜ್ಜಿಗೆ ಕುಡಿದರು. ಆರನೆಯ ದಿನ ಅವರಿಗೇ ನೆಗಡಿ. ನಾವು ಹೋದಾಗ ಅವರು ಮೂಗು ಒರೆಸಿಕೊಳ್ಳುತ್ತಾ ಬಯಲು ಗಣಪತಿಯ ಹತ್ತಿರ ಕುಳಿತಿದ್ದರು. ಹೊಳಲ್ಕೆರೆಯ ಗಣಪತಿಗೆ ಗುಡಿಯಿಲ್ಲ, ಬಿಸಿಲು ಮಳೆಯಲ್ಲಿ ಬಯಲಲ್ಲೇ ಕುಳಿತ ದೊಡ್ಡ ಮೂರ್ತಿ.

ಅಲ್ಲಿಯ ಹಿರಿಯರು ಅತ್ತೆಗೆ ಸಮಾಧಾನವಾಗಿ ತಿಳಿಸಿ ಹೇಳಿದರು. "ನೋಡವ್ವ, ಬೀಳ್ತಿರೋದು ಏನು? ಇಲಿ. ಇಲಿ ಯಾರ ವಾಹನ? ಗಣಪ್ಪಂದು. ಅವನ ವಾಹನಕ್ಕೆ ಕಾಯಿಲೆ ಬಂದ್ರೆ ಅವನು ನೋಡ್ಕಣಲ್ವಾ? ನಡುವೆ ನಾವು ಕೈ ಹಾಕಿದ್ರೆ ಚೆನ್ನಾಗಿರಲ್ಲ."

"ನಿಮ್ ಗಾಡಿ ಎತ್ತು ಕುಸಿದು ಬಿದ್ರೆ ಗಾಡಿ ಮೇಲೆ ಕುಂತೋರು ಏನ್ ಮಾಡ್ತೀರಿ?"

"ಕೆಳಗಿಳೀತೀವಿ."

"ಮತ್ತೆ ಇಳೀರಿ. ಮನೆ ಬಿಡ್ರಿ, ಹೊಲದಾಗೆ ಗುಡಿಸಲು ಹಾಕ್ಕಳ್ರಿ ಅಂತ ಸರ್ಕಾರ ಬಡ್ಕಂತೈತೆ. ನಿಮ್ ಗಣಪ್ಪನ್ನ ನೋಡ್ರಿ. ಎಲ್ಲಾರಿಗಿಂತ ಮುಂಚೆ ಗೊತ್ತಾಗಿ, ಮನೆ ಬ್ಯಾಡ ಅಂತ ಬಯಲಾಗೆ ಬಂದು ಕುಂತಾನೆ. ನೀವು ಮಾತ್ರ ಒಳಗೆ ಕುಂತು ಮಜ್ಜಿಗೆ ಕಡೀರಿ."

ಹಿರಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಷ್ಟು ವರ್ಷ ದಿನಾ ಕೈಮುಗಿದ ಗಣಪತಿ ಹೀಗೂ ಹೇಳುತ್ತಿರಬಹುದು ಎಂದು ಅವರಿಗೆ ಹೊಳೆದಿರಲಿಲ್ಲ. ಅತ್ತೆ ಗಂಗಮ್ಮನಾಗಿ ತೋಳು ಕೊಟ್ಟಳು, ತಿಪ್ಪೆ ತೋರಿಸಿದಳು, ಜ್ವರ ಬರಿಸಿಕೊಂಡಳು. ಹಿಂದಿನಿಂದ ಹೊಳಲ್ಕೆರೆಯವರು ಒಬ್ಬೊಬ್ಬರಾಗಿ ಬಂದರು. ಬರುವಾಗಲೂ "ನೀವು ಮೊದಲು", "ಇಲ್ಲ, ನೀವು ದೊಡ್ಡೋರು" ಎಂದು ಉಪಚಾರ ಮಾಡಿಕೊಂಡೇ ಬಂದರು.

ನಾಲ್ಕನೆಯದು ಹೊಸದುರ್ಗ ಪೇಟೆಯಲ್ಲಿ. ಅಲ್ಲಿ ಅತ್ತೆ ತೂತು ಬಿದ್ದ ಮರದ ವಾದವನ್ನು ಒಂದೇ ಮಾತಿನಲ್ಲಿ ಮುಗಿಸಿದಳು. "ಮೂರು ತೂತು ಬಿದ್ದ ಮರ ನಾನು. ಬರ್ರಿ, ಎಲ್ಲೈತೆ ಹುಳ ತೋರಿಸ್ರಿ" ಎಂದು ಪೇಟೆಯ ನಡುವೆ ನಿಂತಳು. ಯಾರೂ ಹುಳ ಹುಡುಕಲು ಮುಂದೆ ಬರಲಿಲ್ಲ, ಸೂಜಿಗೆ ಬಂದರು. ಆದರೆ ಆ ಸಲದ ಜ್ವರ ಎರಡು ದಿನಕ್ಕೆ ಬಿಡಲಿಲ್ಲ. ಐದು ದಿನ ಹಿಡಿಯಿತು. ಎದ್ದಾಗ ಎಡತೋಳು ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಗಾಡಿಯಲ್ಲಿ ಬರುವಾಗ ನಾನು ಸಿಟ್ಟಿನಿಂದ ಹೇಳಿದೆ. "ನಿನಗೆ ಹುಚ್ಚು ಕಣತ್ತೆ. ಊರವರು ಹಾಕಿಸಿಕೊಂಡ್ರೆಷ್ಟು ಬಿಟ್ರೆಷ್ಟು?" ಅತ್ತೆ ಏಳದ ತೋಳನ್ನು ಬಲಗೈಯಿಂದ ಮಡಿಲಿಗೆ ಎಳೆದುಕೊಂಡು, "ಹೂಂ ಅಳಿಯ, ಹುಚ್ಚೇ" ಎಂದಳು. ಆ ಮಾತು ಇವತ್ತಿಗೂ ನನಗೆ ಚುಚ್ಚುತ್ತದೆ.

ಅದೇ ವಾರ ಮಾಡದಕೆರೆಯಲ್ಲಿ ಇಲಿ ಬಿತ್ತು.

ನಾವೆಲ್ಲ ತೋಟಕ್ಕೆ ಬಂದು ತೆಂಗಿನ ಗರಿಯ ಗುಡಿಸಲು ಹಾಕಿಕೊಂಡೆವು. ಮೂರನೆಯ ದಿನ ಡಾಕ್ಟರು ಬಂದರು. ಇಡೀ ಊರು ತೋಟದಲ್ಲಿ ನಿಂತಿತ್ತು, ಎಲ್ಲರ ಕಣ್ಣು ಅಪ್ಪನ ಮೇಲೆ. ಅಪ್ಪ ಊರಿಗೆ ಹಿರಿಯ, ಆತ ಹಾಕಿಸಿಕೊಂಡರೆ ಊರು ಹಾಕಿಸಿಕೊಳ್ಳುತ್ತದೆ. ಅಪ್ಪ ಒಂದು ತೆಂಗಿನ ಮರಕ್ಕೆ ಬೆನ್ನು ಕೊಟ್ಟು ಕೈಕಟ್ಟಿ ನಿಂತಿದ್ದಾನೆ. ನನ್ನ ಹೆಂಡತಿ ಕಿರಿಮಗನನ್ನು ಎತ್ತಿಕೊಂಡು ನನ್ನ ಮುಖ ನೋಡಿದಳು. ನಾನು ಅಪ್ಪನ ಮುಖ ನೋಡಿದೆ.

ಅತ್ತೆ ಎಂದಿನಂತೆ ಮುಂದೆ ಹೋಗಿ ತೋಳು ಕೊಟ್ಟಳು. "ಹೆಸರು?" ಎಂದ ಗುಮಾಸ್ತ. ಅತ್ತೆ ತಬ್ಬಿಬ್ಬಾದಳು. ಸುತ್ತ ನಿಂತವರೆಲ್ಲ ಆಕೆಯನ್ನು ಹುಟ್ಟಿದಾಗಿನಿಂದ ಬಲ್ಲವರು, ಯಾವ ಸುಳ್ಳು ಹೆಸರು ಹೇಳುವುದು? ಆ ಗಳಿಗೆಯಲ್ಲಿ ಡಾಕ್ಟರು ಸೂಜಿ ಕೆಳಗಿಟ್ಟರು.

"ನಿಲ್ಲಿ. ಈ ಚೇಳನ್ನ ನಾನು ನೋಡಿದ್ದೇನೆ."

ರಿಜಿಸ್ಟರು ಕೈಗೆ ತೆಗೆದುಕೊಂಡು, ಒಂದೊಂದು ಊರಿನ ಮೊದಲ ಹೆಸರು ನೋಡುತ್ತಾ ಹಾಳೆ ತಿರುವಿದರು. ಒಂದೊಂದೇ ಓದಿದರು. ಯಲ್ಲದಕೆರೆಯ ಈರಮ್ಮ, ದುರ್ಗದ ಉಚ್ಚಂಗಮ್ಮ, ಹೊಳಲ್ಕೆರೆಯ ಗಂಗಮ್ಮ, ಹೊಸದುರ್ಗದ ಹಾಲಮ್ಮ. ಒಂದೊಂದು ಹೆಸರಿಗೂ ಊರು ಗೊಳ್ಳೆಂದು ನಕ್ಕಿತು. ಡಾಕ್ಟರು ಮಾತ್ರ ನಗಲಿಲ್ಲ.

"ನಾಲ್ಕು ಸಲ ಹಾಕಿಸಿಕೊಂಡಿದ್ದೀರಿ ತಾಯಿ. ಇನ್ನೊಂದು ಹಾಕಿದರೆ ನಿಮ್ಮ ಜೀವಕ್ಕೆ ನಾನು ಜವಾಬ್ದಾರನಲ್ಲ. ಹಾಕುವುದಿಲ್ಲ. ಒಂದು ಮಾತು ಹೇಳಿ. ನಿಮ್ಮ ಹೆಸರು ಬದಲಾಯಿಸಿದಿರಿ, ಊರು ಬದಲಾಯಿಸಿದಿರಿ. ಗಂಡನ ಹೆಸರು ನಾಲ್ಕು ಕಡೆಯೂ ತಿಪ್ಪಯ್ಯ. ಅದೊಂದನ್ನ ಯಾಕೆ ಬದಲಾಯಿಸಲಿಲ್ಲ?"

"ಅದನ್ನ ಹೆಂಗೆ ಬದಲಾಯಿಸ್ಲಿ ಸ್ವಾಮಿ?" ಎಂದಳು ಅತ್ತೆ. "ಸೂಜಿ ಹಾಕಿಸ್ಕಬೇಕಾಗಿದ್ದೋರು ಅವ್ರು. ಅವತ್ತು ವಾಡ್ಯಾಗೆ ಇಳಿಸಿ ತಪ್ಪಿಸ್ದೆ. ಅವ್ರ ತೋಳಿಗೆ ಬೀಳಬೇಕಾಗಿದ್ದು ನನ್ ತೋಳಿಗೆ ಬಿದ್ದೈತೆ. ನನ್ ಹೆಸ್ರು ಏನಾದ್ರೂ ಆಗ್ಲಿ, ಅವ್ರದ್ದು ಸರಿಯಾಗಿ ಇರಬೇಕಲ್ಲ."

ನಗು ನಿಂತಿತು. ಅತ್ತೆ ಅಪ್ಪನ ಕಡೆ ತಿರುಗಿದಳು.

"ಮುಚ್ಚಳ ಹಾಕೋ ಅಂದೋಳು ನಾನು ಕಣಪ್ಪ. ನಾನು ಹೇಳಿದ್ದಕ್ಕೆಲ್ಲ ಉಲ್ಟಾ ಮಾಡೋನು ನೀನು. ಅದೊಂದು ದಿನ ಯಾಕೋ ನನ್ ಮಾತು ಕೇಳಿಬಿಟ್ಟೆ."

ವಾಡೆಗೆ ಮುಚ್ಚಳ ಹಾಕಿದ್ದು ಅಪ್ಪ! ನಮಗ್ಯಾರಿಗೂ ಗೊತ್ತಿರಲಿಲ್ಲ. ಹುಳ್ಳಿಯ ಕತೆಗೆ ಮನೆಯವರೆಲ್ಲ ನಗುವಾಗ ಅಪ್ಪ ಎದ್ದು ಹೋಗುತ್ತಿದ್ದುದು ಯಾಕೆಂದು ಅವತ್ತು ತಿಳಿಯಿತು. ಸೂಜಿ ಸುಳ್ಳಾಗಿದ್ದರೆ ಭಾವ ಹೋದದ್ದು ವಿಧಿ. ಸೂಜಿ ನಿಜವಾಗಿದ್ದರೆ ಆ ಮುಚ್ಚಳ ಹಾಕಿದ ಕೈ ತನ್ನದು. ಅದಕ್ಕೇ ಅಪ್ಪನಿಗೆ ಸೂಜಿ ಸುಳ್ಳಾಗಬೇಕಿತ್ತು. ತೆಂಗಿನ ಮರ, ತೂತು, ಹುಳ ಎಲ್ಲ ಬರೀ ಮಾತು. ಅತ್ತೆಗೆ ಇದು ಮೊದಲಿನಿಂದ ಗೊತ್ತಿತ್ತು. ಆದ್ದರಿಂದಲೇ ಒಂದು ದಿನವೂ ವಾದಕ್ಕೆ ನಿಲ್ಲದೆ ಬರೀ ತೋಳು ತಂದು ತೋರಿಸುತ್ತಿದ್ದಳು.

"ತಪ್ಪು ಇಬ್ರದೂ ಆತು. ಅದಕ್ಕೆ ಈ ಮಕ್ಕಳು ಯಾಕೆ ಹೋಗಬೇಕು? ತೋಳು ಕೊಡು, ತಮ್ಮ."

ಅಪ್ಪ ಮರ ಬಿಟ್ಟು ಬಂದ. ಡಾಕ್ಟರ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. ಬಾಯಿಂದ ಬಂದದ್ದು ಒಂದೇ ಮಾತು: "ಎಡದ್ದೋ ಬಲದ್ದೋ?"

"ಎಡದ್ದು ಕೊಡು, ಬಲದ್ದು ಕೆಲಸಕ್ಕೆ ಬೇಕು" ಎಂದಳು ಅತ್ತೆ. ಆ ಮುಚ್ಚಳದ ದಿನ ಬಿಟ್ಟರೆ ಮೊದಲ ಸಲ ಅಪ್ಪ ಆಕೆ ಹೇಳಿದ್ದನ್ನು ಹೇಳಿದಂತೆಯೇ ಮಾಡಿದ. ಆತನ ಹಿಂದೆ ನಾನು, ನನ್ನ ಹೆಂಡತಿ, ಮಕ್ಕಳು, ಮನೆಯ ಹನ್ನೊಂದು ಜನ, ಆಮೇಲೆ ಊರು.

ಎಲ್ಲ ಮುಗಿದ ಮೇಲೆ ಡಾಕ್ಟರು ಅತ್ತೆಯನ್ನು ಕರೆದು, ರಿಜಿಸ್ಟರು ಸರಿಪಡಿಸಬೇಕು, ಈಗಲಾದರೂ ನಿಜವಾದ ಹೆಸರು ಹೇಳಿ ಎಂದರು. ಅತ್ತೆ ಯೋಚಿಸಿದಳು. ಸುತ್ತ ನೋಡಿದಳು. ತೋಟದ ಬೇಲಿಯ ಪಕ್ಕ ಅಷ್ಟು ದೊಡ್ಡ ತಿಪ್ಪೆ ಇತ್ತು, ಕೈ ಮಾತ್ರ ಎತ್ತಲಿಲ್ಲ.

"ತಿಪ್ಪಯ್ಯನ ಹೆಂಡ್ತಿ ಅಂತ ಬರ್ಕಳ್ರಿ" ಎಂದಳು. "ಇನ್ನು ಹೇಳಿದ್ರೆ ಕಮ್ಮಿಯಾಗಕ್ಕೆ ಆಯುಸ್ಸು ಎಲ್ಲೈತೆ?"

ಮದುವೆಯಾಗಿ ನಲವತ್ತು ವರ್ಷದಲ್ಲಿ ಆಕೆಯ ಬಾಯಲ್ಲಿ ಆ ಹೆಸರು ನಾವು ಕೇಳಿದ್ದು ಅದೊಂದೇ ಸಲ. ಗುಮಾಸ್ತ ಬರೆದುಕೊಂಡ. ಅಪ್ಪ ಗುಡಿಸಲಿಗೆ ಹೋಗಿ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಮಡಿಸಿ ತಂದು ಅಕ್ಕನ ಬಾಯಿಗೇ ಇಟ್ಟ. ಇಬ್ಬರೂ ತೆಂಗಿನ ಮರದ ಬುಡದಲ್ಲಿ ಕುಳಿತು ಅತ್ತರು. ಅಗಿಯುತ್ತಲೇ ಅತ್ತೆ, "ಸುಣ್ಣ ಜಾಸ್ತಿಯಾತು" ಎಂದಳು.

ಮಳೆಗಾಲಕ್ಕೆ ಊರಿಗೆ ಹಿಂದಿರುಗಿದಾಗ ನಮ್ಮ ಮನೆಯ ಹನ್ನೊಂದು ಜನವೂ ಹಿಂದಿರುಗಿದೆವು. ಹಾಗೆ ಹಿಂದಿರುಗಿದ ಮನೆಗಳು ಆ ವರ್ಷ ಎಲ್ಲ ಊರಿನಲ್ಲೂ ಇರಲಿಲ್ಲ. ಅವತ್ತು ನನ್ನ ಹೆಂಡತಿಯ ಕಂಕುಳಲ್ಲಿದ್ದ ಕಿರಿಮಗನಿಗೆ ಈಗ ಮೊಮ್ಮಕ್ಕಳಾಗಿವೆ. ಅವು ಅಂಗಳದಲ್ಲಿ ಕೂಗಾಡುವಾಗ ಗದರಬೇಕು ಎಂದುಕೊಂಡರೂ ನನ್ನಿಂದ ಆಗುವುದಿಲ್ಲ. ಅಷ್ಟು ಗಲಾಟೆಯೂ ಅತ್ತೆ ಕೊಟ್ಟದ್ದು.

ನನಗೂ ಈಗ ವಯಸ್ಸಾಯಿತು. ದಾರಿಯಲ್ಲಿ ನಡೆಯುವಾಗ ತಿಪ್ಪೆ ಕಂಡರೆ ನಿಂತು ಕೈಮುಗಿಯುತ್ತೇನೆ. ನೋಡಿದವರು ಮುದುಕನಿಗೆ ಹುಚ್ಚು ಎನ್ನುತ್ತಾರೆ. ಅನ್ನಲಿ. ಮನೆಗೊಬ್ಬರು ಹುಚ್ಚರು ಇದ್ದರೆ ಮನೆ ಉಳಿಯುತ್ತದೆ ಎಂದು ನಾನು ಕಣ್ಣಾರೆ ಕಂಡಿದ್ದೇನೆ, ಅತ್ತೆಯ ನಂತರ ಆ ಪಾಳಿ ನನ್ನದು.